ಹೆರ್ಮೀನಾಳ 'ಆಮೇಲೆ'

ಹೆರ್ಮೀನಾ ಸ್ಲಾನಿನ್ಕೋವಾಳ ಗಂಟಲು ನಮ್ಮ ವಿಶ್ನಾ ರೆಪ್ಕಾ ಗ್ರಾಮದ ಸಾರ್ವಜನಿಕ ಆಸ್ತಿ. ಗ್ರಾಮ ಕಚೇರಿಯಲ್ಲಿ ಮೈಕಿನ ಮುಂದೆ ಕೂತು ಅವಳು "ಹಲೋ, ಹಲೋ! ಮಾನ್ಯ ಸಹನಾಗರಿಕರೇ!" ಎಂದರೆ ಸಾಕು, ಆ ದನಿ ಕಂಬಕಂಬದ ಮೇಲಿನ ಧ್ವನಿವರ್ಧಕಗಳಿಂದ ಹೊರಟು, ಗುಡ್ಡ ಹತ್ತಿ ಇಳಿದು, ಆಚೆ ಬದಿಯ ನಿಜ್ನಾ ರೆಪ್ಕಾದವರ ಸೂಪಿನ ಪಾತ್ರೆಯ ಮುಚ್ಚಳ ಅಲುಗಿಸುತ್ತದೆ. ನಮ್ಮ ಸುದ್ದಿಯನ್ನು ಅವರು ಪುಕ್ಕಟೆ ಕೇಳುತ್ತಿದ್ದಾರೆ, ತೆರಿಗೆ ಹಾಕಬೇಕು ಎಂದು ಗ್ರಾಮಸಭೆಯಲ್ಲಿ ಒಂದು ಮಧ್ಯಾಹ್ನವಿಡೀ ಚರ್ಚೆ ನಡೆದದ್ದುಂಟು.

ಊರಿಗೆಲ್ಲ ಅವಳು ತೇಟಾ, ಅಂದರೆ ಚಿಕ್ಕಮ್ಮ. ಮದುವೆಯಾಗಲಿಲ್ಲ. ಸ್ಮಶಾನದಲ್ಲಿ ಗುಂಡಿ ತೋಡುವ ಆಂಬ್ರೋಜ್ ಕೇಳುತ್ತಲೇ ಇದ್ದ, ಅವಳು "ಆಮೇಲೆ" ಎನ್ನುತ್ತಲೇ ಇದ್ದಳು. ಅವನು ಮೊದಲ ಸಲ ಕೇಳಿದಾಗ ಕಚೇರಿಯ ಮುಂದಿನ ಲಿಂಡನ್ ಮರ ಕಡ್ಡಿಯಷ್ಟಿತ್ತು. ಈಗ ಅದರ ನೆರಳಲ್ಲಿ ಬಸ್ಸು ನಿಲ್ಲುತ್ತದೆ.

ನಾಯಿ ಪರವಾನಗಿ, ಕಸದ ಶುಲ್ಕ, ಜನನ, ಮರಣ ಎಲ್ಲ ಅವಳ ಕೈಯಲ್ಲೇ ಇದ್ದರೂ ಅವಳ ಜೀವವಿದ್ದದ್ದು ಮೈಕಿನಲ್ಲಿ. ಪ್ರಕಟಣೆಗೆ ಮುಂಚೆ ಹಾಡು ಹಾಕುವುದು ನಮ್ಮಲ್ಲಿ ಪದ್ಧತಿ. ವ್ಯಾಪಾರಿ ಬಂದರೆ ಪೋಲ್ಕಾ ಕುಣಿತದ ಹಾಡು. ಸರ್ಕಾರದ ಮಾತಿದ್ದರೆ ಬ್ಯಾಂಡಿನ ಮಾರ್ಚ್. ಹುಟ್ಟುಹಬ್ಬವಾದರೆ ಆ ಮನುಷ್ಯ ಕುಡಿದಾಗ ಹಾಡುವ ಹಾಡು. ಯಾರಾದರೂ ತೀರಿಕೊಂಡರೆ ಪಿಟೀಲಿನ ಆ ಒಂದು ಶೋಕದ ಹಾಡು. ಅದು ಶುರುವಾದರೆ ಟ್ರ್ಯಾಕ್ಟರುಗಳು ನಿಲ್ಲುತ್ತವೆ, ಟೋಪಿಗಳು ತಲೆಯಿಂದ ಇಳಿಯುತ್ತವೆ, ಕಡಿಯಲು ಎತ್ತಿದ ಕೋಳಿಗೂ ಒಂದು ಹಾಡಿನಷ್ಟು ಆಯುಸ್ಸು ಸಿಗುತ್ತದೆ. ಆಮೇಲೆ ಹೆಸರು ಕೇಳಿಸುತ್ತದೆ. ಹೆಸರು ಕೇಳಿದ ಮೇಲೆ ಹೆಂಗಸರ ಅಳು ಶುರುವಾಗುವುದರಿಂದ ಮುಂದಿನ ಮಾತು ಯಾರ ಕಿವಿಗೂ ಬೀಳುವುದಿಲ್ಲ. ಹೂವಿನ ಕೆಲಸ ಹೂವಿನವರು, ಗುಂಡಿಯ ಕೆಲಸ ಆಂಬ್ರೋಜ್ ಹಿಡಿಯುತ್ತಾರೆ.

ಹೆರ್ಮೀನಾ ಚೀಟಿಯಲ್ಲಿದ್ದಷ್ಟನ್ನೇ ಓದಿ ಸುಮ್ಮನಾಗುವವಳೂ ಅಲ್ಲ. "ಚೌಕದಲ್ಲಿ ಕೋಳಿಮರಿ ಮಾರೋನು ಬಂದಿದಾನೆ. ಹೋದ್ಸಲ ಇವನೇ ಹೆಣ್ಣು ಅಂತ ಕೊಟ್ಟಿದ್ದೆಲ್ಲ ಕೂಗೋಕೆ ಶುರು ಮಾಡಿದ್ವು. ನೋಡಿ ತಗೊಳ್ಳಿ. ಓಟೀಲಿಯಾ, ನಿನ್ನ ಒಲೆ ಮೇಲೆ ಏನೋ ಸೀದ ವಾಸನೆ ಇಲ್ಲೀವರೆಗೂ ಬರ್ತಿದೆ ಕಣೇ." ಇಷ್ಟು ಹೇಳಿ ಒಮ್ಮೆ ಕೆಮ್ಮಿ ಮುಗಿಸುವಳು.

ಕಚೇರಿಯ ಆಂಪ್ಲಿಫೈಯರ್ ಹಿಂದಿನ ಸರ್ಕಾರದ ಕಾಲದ್ದು, ಒಂದು ಕರುವಿನಷ್ಟು ದಪ್ಪ. ಮೊದಲು ಬಿಸಿಯಾಗದಿದ್ದರೆ ಅದು ಮಾತಾಡುವುದಿಲ್ಲ. ಹಾಗಾಗಿ ಹೆರ್ಮೀನಾ ಬೆಳಿಗ್ಗೆ ಬಂದವಳೇ ಮೊದಲು ಅದರ ಗುಂಡಿ ಒತ್ತಿ, ಆಮೇಲೆ ಕಂಪ್ಯೂಟರಿನ ಗುಂಡಿ ಒತ್ತಿ, ಗಾಜಿನ ಲೋಟದಲ್ಲಿ ಕಾಫಿಪುಡಿಗೆ ಬಿಸಿನೀರು ಹುಯ್ಯುವಳು. ಆ ಕಂಪ್ಯೂಟರು ಎಚ್ಚರವಾಗುವಷ್ಟರಲ್ಲಿ ಆಲೂಗಡ್ಡೆ ಬೇಯಿಸಬಹುದು ಎನ್ನುವವರು ಸುಳ್ಳುಗಾರರು; ಆಲೂಗಡ್ಡೆ ನೆಟ್ಟು, ಅಗೆದು, ಆಮೇಲೆ ಬೇಯಿಸಬಹುದಿತ್ತು. ಕೊನೆಗೆ ಎದ್ದಿತು ಎನ್ನುವುದಕ್ಕೆ ಗುರುತಾಗಿ ಅದು ಒಂದು ಪುಟ್ಟ ರಾಗ ನುಡಿಸುತ್ತಿತ್ತು: ಟಾ... ಡಿ-ಡಾ-ಡಿ... ಡೂಂ! ಲೋಕದ ಉಳಿದ ಕಚೇರಿಗಳಲ್ಲಿ ಅದು ಮೇಜಿನ ಮೇಲೆ ಹುಟ್ಟಿ ಮೇಜಿನ ಮೇಲೆ ಸಾಯುತ್ತಿತ್ತು. ನಮ್ಮಲ್ಲಿ ಆಂಪ್ಲಿಫೈಯರಿನ ಹೊಟ್ಟೆ ಹೊಕ್ಕು ಊರಿಡೀ ಮೊಳಗುತ್ತಿತ್ತು.

ಮೊದಲ ದಿನ ಅದನ್ನು ಕೇಳಿ ಪಾದ್ರಿಗಳು ಕೊನೆಯ ತೀರ್ಪಿನ ದಿನವೇ ಬಂತೆಂದು ಸಾಕ್ಸಿನಲ್ಲೇ ಬೀದಿಗೆ ಓಡಿಬಂದಿದ್ದರು. ಬರಬರುತ್ತ ಊರು ಆ ರಾಗಕ್ಕೇ ಬದುಕತೊಡಗಿತು. ಡೂಂ ಕೇಳಿದರೆ ಬಸ್ಸು ಹೊರಡಬೇಕು, ಮಕ್ಕಳು ಬೂಟು ಕಟ್ಟಬೇಕು. ಜನರಲ್ ಎಂಬ ಹೆಸರಿನ ಆಂಬ್ರೋಜನ ಗಂಡು ಹೆಬ್ಬಾತು ತನ್ನ ಪಡೆಯನ್ನೆಲ್ಲ ಸಾಲು ಹಿಡಿಸಿ ಹಳ್ಳಕ್ಕೆ ಹೊರಡುತ್ತಿತ್ತು. ಭಾನುವಾರ ಕಚೇರಿಗೆ ರಜೆ. ಆದ್ದರಿಂದ ಹೆಬ್ಬಾತುಗಳಿಗೂ ರಜೆ.

ರಾಗ ಮುಗಿದ ಕೂಡಲೇ ಪರದೆಯ ಮೇಲೆ ಒಂದು ಪ್ರಶ್ನೆ ಮೂಡುತ್ತಿತ್ತು. ಹೊಸ ವ್ಯವಸ್ಥೆ ಬಂದಿದೆ, ಬದಲಾಯಿಸಬೇಕೆ? ಈಗ, ಅಥವಾ ಆಮೇಲೆ. ಹೆರ್ಮೀನಾ ಕಾಫಿ ಹೀರುತ್ತ 'ಆಮೇಲೆ' ಒತ್ತುತ್ತಿದ್ದಳು.

"ಅದಕ್ಕೂ ಅದೇ ಉತ್ರಾನಾ?" ಎಂದು ಆಂಬ್ರೋಜ್ ಕಿಟಕಿಯಿಂದ ಇಣುಕಿ ಕೇಳಿದ್ದ.

"ಅದು ನಿನಗಿಂತ ಮರ್ಯಾದೆಯಿಂದ ಕೇಳುತ್ತೆ. ಕಾಲಿಗೆ ಮಣ್ಣು ಮೆತ್ಕೊಂಡು ಒಳಗೆ ಬರಲ್ಲ."

ಹೀಗಿರುವಾಗ ಬ್ಲಾಜೆಯ್ ನಮ್ಮ ಊರಿನ ಮೇಯರಾದ. ಒಳ್ಳೆಯ ಹುಡುಗ. ಐವತ್ತರ ಹತ್ತಿರ ಬಂದರೂ ನಮಗೆ ಹುಡುಗನೇ. ಅವನ ಕೈಯಲ್ಲಿ ಸದಾ ಒಂದು ಫೋನು. ಅದರಲ್ಲೇ ಮನೆಯ ದೀಪ ಹಚ್ಚುತ್ತಿದ್ದ, ಅದರಲ್ಲೇ ಹುಲ್ಲು ಕತ್ತರಿಸುತ್ತಿದ್ದ. ಅತ್ತೆಯನ್ನು ಸುಮ್ಮನಾಗಿಸುವ ಗುಂಡಿಯೊಂದನ್ನು ಮಾತ್ರ ಅದರಲ್ಲಿ ಇನ್ನೂ ಹುಡುಕುತ್ತಿದ್ದ.

"ತೇಟಾ, ಹೊಸದು ಹಾಕ್ಸೋಣ," ಎಂದ ಒಂದು ದಿನ. "ಹಳೇದಕ್ಕೆ ರಕ್ಷಣೆ ನಿಂತುಹೋಗಿದೆ. ಊರಿಗೇ ಬಾಗಿಲು ತೆಗೆದಿಟ್ಟು ಮಲಗಿದ ಹಾಗೆ."

"ನಮ್ಮೂರಲ್ಲಿ ಯಾರು ಬಾಗಿಲು ಹಾಕ್ತಾರೆ?"

"ಹೊಸದರಲ್ಲಿ ಮಾತಾಡೋ ಪ್ರೋಗ್ರಾಂ ಕೂಡ ಓಡುತ್ತೆ ತೇಟಾ. ನಾನು ಫೋನಲ್ಲಿ ಬರೆದು ಕಳಿಸಿದ್ರೆ ಸಾಕು. ಕಂಪ್ಯೂಟರ್ ಪೆಟ್ಟಿಗೇನೇ ಹಾಡು ಹಾಕ್ಕೊಂಡು, ಅದೇ ಓದಿಬಿಡುತ್ತೆ. ನೀವು ಆರಾಮಾಗಿರಬಹುದು."

ಹೆರ್ಮೀನಾ ಮೈಕಿನ ತಲೆಯ ಮೇಲಿನ ಧೂಳು ಒರೆಸಿದಳು. ಅಲ್ಲಿ ಧೂಳಿರಲಿಲ್ಲ.

"ಆರಾಮಕ್ಕೆ ಆಂಬ್ರೋಜ್ ಇದಾನಲ್ಲ, ಜಾಗ ನೋಡಿಟ್ಟಿದಾನೆ. ಆಮೇಲೆ ನೋಡೋಣ," ಎಂದಳು.

ಹೊಸದು ಬಂದರೆ ಮೈಕು ಹೋಗುತ್ತದೆ. ಅವತ್ತಿನಿಂದ ಅವಳ ತಲೆಯಲ್ಲಿ ಕೂತ ಲೆಕ್ಕ ಇದೊಂದೇ. ಊರಿನವರೂ ವಾದ ಮಾಡಿದರು. ಆದರೆ ಬಿಯರು ಲೋಟದ ಮುಂದೆ ನಾವು ಮೇಜು ಗುದ್ದಿದ್ದು ಬೆಳಗಿನ ರಾಗ ಹೋಗಬಾರದೆಂದು. ಹೆರ್ಮೀನಾ ಹೋಗಬಾರದೆಂದು ನಮ್ಮಲ್ಲಿ ಒಬ್ಬನೂ ಬಾಯಿಬಿಡಲಿಲ್ಲ. ಅವಳ ಕಿವಿಗೆ ಬೀಳದ ಸುದ್ದಿ ಊರಲ್ಲಿ ಯಾವುದಿದೆ? ಒಂದು ವಾರ ಅವಳು ಚೀಟಿಯಲ್ಲಿದ್ದಷ್ಟನ್ನೇ ಓದಿದಳು, ಕೆಮ್ಮಲಿಲ್ಲ. ನಮಗೆ ಆಗಲೇ ಅರ್ಥವಾಗಬೇಕಿತ್ತು.

ಚಳಿಗಾಲ ಹತ್ತಿರವಾಯಿತು. ಓಟೀಲಿಯಾಳ ಸೌದೆ ನೆರವಿನ ಅರ್ಜಿಯನ್ನು ಹೆರ್ಮೀನಾ ಜಿಲ್ಲಾ ಕಚೇರಿಗೆ ಕಂಪ್ಯೂಟರಿನಲ್ಲೇ ಕಳಿಸಬೇಕಿತ್ತು. ಕಳಿಸಿದಳು, ವಾಪಸು ಬಂತು. ಮತ್ತೆ ಕಳಿಸಿದಳು, ಮತ್ತೆ ವಾಪಸು. ಹಳೆಯ ವ್ಯವಸ್ಥೆಯಿಂದ ಬಂದದ್ದನ್ನು ಇನ್ನು ಮುಟ್ಟುವುದಿಲ್ಲ ಎಂದು ಅಲ್ಲಿಯವರು ಫೋನಿನಲ್ಲಿ ಹೇಳಿದರು.

ಎದುರು ಬೆಂಚಿನ ಮೇಲೆ ಓಟೀಲಿಯಾ ಕೋಟಿನ ಮೇಲೆ ಕೋಟು ಹಾಕಿಕೊಂಡು ಎಲೆಕೋಸಿನಂತೆ ಕೂತಿದ್ದಳು. "ಬಿಡೇ ಹೆರ್ಮೀನಾ, ಈ ವರ್ಷ ಕುರ್ಚಿ ಸುಟ್ಕೋತೀನಿ," ಎಂದಳು.

"ನಿನ್ನ ಕುರ್ಚೀಲಿ ಕೂತೋರಿಗೆ ಗೊತ್ತು, ಅದು ಉರಿಯೋಕೂ ಲಾಯಕ್ಕಿಲ್ಲ," ಎಂದ ಹೆರ್ಮೀನಾ ಪರದೆಯ ಕಡೆ ತಿರುಗಿ, ಬಾಳಿನಲ್ಲಿ ಮೊದಲ ಸಲ 'ಈಗ' ಒತ್ತಿದಳು.

ಜಿಲ್ಲೆಯಿಂದ ತಂತ್ರಜ್ಞನೊಬ್ಬ ಬಂದು ಉಳಿದದ್ದನ್ನು ಸರಿಮಾಡಿ ಹೋದ. ಓಟೀಲಿಯಾಳ ಅರ್ಜಿ ಕಣ್ಣು ಮಿಟುಕಿಸುವಷ್ಟರಲ್ಲಿ ಹೋಗಿ, ಸಹಿಯಾಗಿ ಬಂತು. ಮೈಕು ಕಪಾಟು ಸೇರಿತು.

ಮರುದಿನ ಬೆಳಿಗ್ಗೆ ಊರು ಕಿವಿ ನೆಟ್ಟು ಕಾಯಿತು. ಹೊಸ ವ್ಯವಸ್ಥೆ ಬೆಕ್ಕಿನ ಹಾಗೆ ಸದ್ದಿಲ್ಲದೆ ಎದ್ದಿತು. ಟಾ ಇಲ್ಲ, ಡೂಂ ಇಲ್ಲ. ಬಸ್ಸಿನವನು ಇಂಜಿನ್ ಚಾಲೂ ಮಾಡಿ ಕೂತೇ ಇದ್ದ. ಮಕ್ಕಳು ಒಂದೇ ಬೂಟಿನಲ್ಲಿ ನಿಂತಿದ್ದರು. ಜನರಲ್ ಹೆಬ್ಬಾತು ಗೇಟಿನ ಬಳಿ ಕತ್ತು ಚಾಚಿ ಆಕಾಶ ನೋಡುತ್ತ ನಿಂತು, ಅವತ್ತು ಹಳ್ಳಕ್ಕೆ ಹೋಗಲೇ ಇಲ್ಲ. ಸಿಟ್ಟಿಗೆ ಅಂಚೆಯವನನ್ನು ಕಚ್ಚಿತು.

ಆಮೇಲೆ ಪೆಟ್ಟಿಗೆ ಮಾತಾಡಿತು. ದನಿ ನುಣುಪಾಗಿತ್ತು, ಇಸ್ತ್ರಿ ಹಾಕಿದ ಹಾಗಿತ್ತು. ಕೆಮ್ಮಿಲ್ಲ, ಬೈಗುಳವಿಲ್ಲ. ಹಾಡುಗಳನ್ನು ತಾನೇ ಆರಿಸುತ್ತಿತ್ತು. ಒಂದು ದಿನ ಶೋಕದ ಪಿಟೀಲು ಕೇಳಿ ನಾವೆಲ್ಲ ಟೋಪಿ ತೆಗೆದು, ತಲೆ ಬಗ್ಗಿಸಿ ನಿಂತೆವು. ಪೆಟ್ಟಿಗೆ ಹೇಳಿತು: "ಚೌಕದಲ್ಲಿ ಕಂದು ಬಣ್ಣದ ಮೊಟ್ಟೆ ಕೋಳಿಗಳು ದೊರೆಯುತ್ತವೆ." ಅಷ್ಟು ಗೌರವದಿಂದ ಕೋಳಿ ಕೊಂಡದ್ದು ನಮ್ಮ ಚರಿತ್ರೆಯಲ್ಲಿ ಅದೇ ಮೊದಲು.

"ಬ್ಲಾಜೆಯ್, ನಿನ್ನ ಪೆಟ್ಟಿಗೆಗೆ ಅಳೋದೂ ನಗೋದೂ ಒಂದೇ ಥರ ಕಾಣ್ಸುತ್ತೆ," ಎಂದಳು ಹೆರ್ಮೀನಾ.

"ಕಲೀತದೆ ತೇಟಾ, ಕಲೀತದೆ."

ಕಲಿಯುವುದರೊಳಗೆ ಬ್ಲಾಜೆಯ್‌ನ ಐವತ್ತನೇ ಹುಟ್ಟುಹಬ್ಬ ಬಂತು. ಬೆಳಿಗ್ಗೆಯೇ ಅವನು ಹೆಂಡತಿಯ ಜೊತೆ ಪಟ್ಟಣಕ್ಕೆ ಕೇಕು ತರಲು ಹೋದ. ಹೊಸ ಪ್ರೋಗ್ರಾಂ ತನ್ನಷ್ಟಕ್ಕೆ ಶುಭಾಶಯ ಹೇಳಲು ಸಜ್ಜಾಗಿತ್ತು. ಹಾಡಿಗೆ ಕೈಹಾಕಿತು, ಪಿಟೀಲು ಸಿಕ್ಕಿತು.

ಟ್ರ್ಯಾಕ್ಟರುಗಳು ನಿಂತವು. ಟೋಪಿಗಳು ಇಳಿದವು. "ನಮ್ಮ ಪ್ರೀತಿಯ ಮೇಯರ್ ಬ್ಲಾಜೆಯ್..." ಎಂದಿತು ಪೆಟ್ಟಿಗೆ. ಮುಂದಿನದು ಹೆಂಗಸರ ಅಳುವಿನಲ್ಲಿ ಮುಳುಗಿಹೋಯಿತು. ಐವತ್ತು ಎಂಬ ಮಾತು ಕೆಲವರಿಗೆ ಕೇಳಿಸಿತು. "ಅಯ್ಯೋ, ಬರೀ ಐವತ್ತು!" ಎಂದು ಅವರು ಇನ್ನಷ್ಟು ಜೋರಾಗಿ ಅತ್ತರು. ಹೆರ್ಮೀನಾ ಕಿಟಕಿಯಿಂದ "ಹುಟ್ಟುಹಬ್ಬ ಕಣ್ರೋ!" ಎಂದು ಕೂಗಿದಳಂತೆ. ಆದರೆ ಬರೀ ಬಾಯಲ್ಲಿ ಕೂಗಿದ್ದು ಚೌಕವನ್ನೂ ದಾಟಲಿಲ್ಲ. ಕಪಾಟಿನಿಂದ ಮೈಕು ತೆಗೆದು ಸಿಕ್ಕಿಸೋಣವೆಂದರೆ ಕೀಲಿ ಬ್ಲಾಜೆಯ್‌ನ ಜೇಬಿನಲ್ಲಿ ಪಟ್ಟಣಕ್ಕೆ ಹೋಗಿತ್ತು.

ಅಷ್ಟರಲ್ಲಿ ನಾವೆಲ್ಲ ಕಪ್ಪು ಕೋಟು ತೊಟ್ಟು, ಸೇವಂತಿಗೆ ಹಿಡಿದು ಅವನ ಮನೆಯ ಗೇಟಿಗೆ ಸೇರಿದ್ದೆವು. ಬಾಗಿಲು ತೆರೆದದ್ದು ಅವನ ಅತ್ತೆ, ಮುದುಕಿ ಎಮೆರೆನ್ಸಿಯಾ. ಕಿವಿ ಮಂದ.

"ಎಷ್ಟೊಂದು ಜನ ಬಂದಿದೀರಿ!" ಎಂದು ಹಿಗ್ಗಿದಳು. "ಒಳಗೆ ಬನ್ನಿ, ಸ್ಲಿವೊವಿತ್ಸಾ ಕುಡೀರಿ. ಇಂಥ ದಿನ ಬಾಳಲ್ಲಿ ಒಂದೇ ಸಲ ಬರೋದು."

ದುಃಖದಲ್ಲಿ ತಲೆ ಕೆಟ್ಟಿದೆ ಎಂದು ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡು ಆ ಪ್ಲಮ್ ಹಣ್ಣಿನ ಸಾರಾಯಿ ಕುಡಿದೆವು.

"ನೋವು ಪಟ್ಟನಾ ಪಾಪ?" ಎಂದು ಓಟೀಲಿಯಾ ಅವಳ ಕಿವಿಯಲ್ಲಿ ಕೂಗಿದಳು.

"ನೋವೆಲ್ಲಿ ಬಂತು? ಬೆಳಿಗ್ಗೆ ಎದ್ದ, ಆರು ಸಾಸೇಜು ತಿಂದ, ಹೋದ."

"ನೋಡ್ರಪ್ಪ, ಪುಣ್ಯವಂತರ ಸಾವು!" ಎಂದು ಎಲ್ಲರೂ ಇನ್ನೊಂದು ಸುತ್ತು ಕುಡಿದೆವು.

ಎಮೆರೆನ್ಸಿಯಾ ಹೂವುಗಳನ್ನು ನೀರಿಗೆ ಇಡುತ್ತ ಎಣಿಸಿದಳು. ಒಂದು ಕಟ್ಟಿನಲ್ಲಿ ಆರು, ಇನ್ನೊಂದರಲ್ಲಿ ಎಂಟು, ಮತ್ತೊಂದರಲ್ಲೂ ಆರು. ಅವಳ ಮುಖ ಬಿಳಿಚಿತು. ಹುಟ್ಟುಹಬ್ಬಕ್ಕೆ ಬೆಸಸಂಖ್ಯೆಯ ಹೂವು, ಸತ್ತವರಿಗೆ ಸರಿಸಂಖ್ಯೆಯವು. ಇದನ್ನು ತಪ್ಪುವಷ್ಟು ಕುಡುಕರು ನಮ್ಮಲ್ಲಿ ಇನ್ನೂ ಹುಟ್ಟಿಲ್ಲ.

"ಎಲ್ಲಾ ಸರಿಸಂಖ್ಯೆ!" ಎಂದು ಚೀರಿದಳು. "ಯಾರ್ರೋ ಸತ್ತಿದ್ದು? ನಾನಾ?"

ಅದೇ ಹೊತ್ತಿಗೆ ಬ್ಲಾಜೆಯ್‌ನ ಕಾರು ಬಂತು. ಗೇಟಿನ ತುಂಬ ಕಪ್ಪು ಕೋಟು ಕಂಡವನೇ ಅತ್ತೆಗೆ ಏನೋ ಆಯಿತೆಂದು ಕರವಸ್ತ್ರ ತೆಗೆದು, ಅಳಿಯನಾದವನು ಅಳಬೇಕಾದಷ್ಟು ಅತ್ತ. ಆಗ ಸ್ಮಶಾನದ ಕಡೆಯಿಂದ ಆಂಬ್ರೋಜ್ ಮೈಯೆಲ್ಲ ಮಣ್ಣಾಗಿ ಓಡಿಬಂದು ಅವನನ್ನು ನೋಡಿ ಗುದ್ದಲಿ ಕೈಬಿಟ್ಟ.

"ಲೇ ಬ್ಲಾಜೆಯ್! ಅರ್ಧ ಅಗೆದುಬಿಟ್ಟಿದೀನಲ್ಲೋ!"

"ಯಾರಿಗೆ?"

"ನಿನಗೇ ಕಣೋ! ಕೆಳಗೆ ಬರೀ ಕಲ್ಲು. ನನ್ನ ಸೊಂಟ ಹೋಯ್ತು, ನೀನು ನೋಡಿದ್ರೆ ಕೇಕ್ ಹಿಡ್ಕೊಂಡು ನಿಂತಿದೀಯ!"

ಕೇಕು ಐವತ್ತು ಮಂದಿಗೆಂದು ತಂದದ್ದು, ಊರಿಗೆಲ್ಲ ಸಾಕಾಯಿತು. ಸತ್ತವನ ಮನೆಯಲ್ಲಿ ಅವನ ಕೈಯಾರೆ ಕೇಕು ತಿಂದ ಊರು ಕಾರ್ಪಾಥಿಯನ್ ಬೆಟ್ಟಗಳಲ್ಲಿ ಇನ್ನೊಂದಿಲ್ಲ.

ಮಾರನೆಯ ಬೆಳಿಗ್ಗೆ ಬ್ಲಾಜೆಯ್ ಕೀಲಿ ಹಿಡಿದು ಕಚೇರಿಗೆ ಬಂದ. ಹಿಂದೆ ನಾವೂ ಹೋದೆವು.

"ತೇಟಾ, ನಾನು ಸೋತೆ," ಎಂದ. "ತಂತ್ರಜ್ಞನಿಗೆ ಹೇಳ್ತೀನಿ, ಹಳೇದನ್ನೇ ವಾಪಸ್ ಹಾಕಲಿ. ನೀವು ಹೂಂ ಅಂದ್ರೆ ಸಾಕು."

"ಹಳೇದೇ ಬರಲಿ! ನಮ್ಮ ರಾಗ ಬರಲಿ!" ಎಂದು ನಾವು ಗದ್ದಲ ಮಾಡಿದೆವು.

ಹೆರ್ಮೀನಾ ನಮ್ಮನ್ನೆಲ್ಲ ಒಂದು ಸುತ್ತು ನೋಡಿದಳು. ಒಂದು ಮಾತಿಗೆ ಎಲ್ಲವೂ ಮೊದಲಿನಂತಾಗುತ್ತಿತ್ತು.

"ಬೇಡ," ಎಂದಳು.

ಆಂಬ್ರೋಜ್ ಕೂಡ ಬಾಯಿ ಬಿಟ್ಟು ನೋಡಿದ.

"ಕೋಳಿ ಒಂದು ಕೆಟ್ಟ ಮೊಟ್ಟೆ ಇಟ್ಟಿತು ಅಂತ ಗೂಡು ಸುಡ್ತಾರಾ? ಹೊಸದು ಚೆನ್ನಾಗಿದೆ. ಓಟೀಲಿಯಾ ಮನೇಲಿ ಸೌದೆ ಉರೀತಿದೆ. ಹಳೇದು ಏಳೋದನ್ನ ಕಾದೂ ಕಾದೂ ನಾನು ಮುದುಕಿಯಾದೆ. ಇದು ನಾನು ಕೂರೋದ್ರೊಳಗೆ ಎದ್ದಿರುತ್ತೆ. ಕಾಗದ ಕಳಿಸೋದು ಅದರ ಕೆಲಸ, ಅದು ಮಾಡ್ಲಿ. ಯಾರಿಗೆ ಯಾವ ಹಾಡು, ಯಾರಿಗೆ ಎಷ್ಟು ಬೈಗುಳ ಅನ್ನೋದು ನನ್ನ ಕೆಲಸ. ಕೊಡು ಕೀಲಿ."

ಬ್ಲಾಜೆಯ್ ಕೊಟ್ಟ.

"ಮತ್ತೆ ಬೆಳಗಿನ ರಾಗ ತೇಟಾ?" ಎಂದ ಬಸ್ಸಿನವನು ಅಳುದನಿಯಲ್ಲಿ. "ನಾನು ಹೊರಡೋದು ಯಾವಾಗ?"

ಹೆರ್ಮೀನಾ ಆಂಪ್ಲಿಫೈಯರಿನ ಗುಂಡಿ ಒತ್ತಿದಳು. ಮೈಕು ಸಿಕ್ಕಿಸಿದಳು. ಕರುವಿನಷ್ಟು ದಪ್ಪದ ಆ ಯಂತ್ರ ಬಿಸಿಯಾಗುವವರೆಗೆ ಕಾಫಿ ಕಲಕಿದಳು. ಆಮೇಲೆ ಕೆಮ್ಮಿದಳು. ಕಂಬಕಂಬದಲ್ಲೂ ಆ ಕೆಮ್ಮು ಕೇಳಿ ಬೀದಿಯಲ್ಲಿ ಯಾರೋ ಚಪ್ಪಾಳೆ ತಟ್ಟಿದರು. ಕಣ್ಣು ಮುಚ್ಚಿ, ಆ ಸೊಂಪಾದ ಗಂಟಲಿನಲ್ಲಿ ಅವಳೇ ಹಾಡಿದಳು: "ಟಾ... ಡಿ-ಡಾ-ಡಿ... ಡೂಂ!"

ಕೊನೆಯ ಡೂಂ ಸ್ವಲ್ಪ ಕೆಳಗಿಳಿಯಿತು, ನಿಜ. ಬಸ್ಸಿನವನು ಎದ್ದು ಓಡಿದ. ಆದರೆ ಜನರಲ್ ಗೇಟಿನಲ್ಲಿ ತಲೆ ಓರೆ ಮಾಡಿ ನಿಂತೇ ಇತ್ತು. ಅದಕ್ಕೆ ಇನ್ನೂ ಸಂಶಯ.

ಮೈಕು ಆರಿಲ್ಲ ಎಂಬುದನ್ನು ಆಂಬ್ರೋಜ್ ಗಮನಿಸಲಿಲ್ಲ. ಟೋಪಿ ಹಿಂಡುತ್ತ ಮುಂದೆ ಬಂದ. "ಹೆರ್ಮೀನಾ, ಇಷ್ಟೆಲ್ಲ ಹೊಸದಕ್ಕೆ ಒಪ್ಕೊಂಡೆ. ನನ್ನ ವಿಷಯಾನೂ ಈಗಲೇ..." ಎಂದ. ಅದು ಗುಡ್ಡದಾಚೆಯವರೆಗೂ ಮೊಳಗಿತು. ನಿಜ್ನಾ ರೆಪ್ಕಾದಲ್ಲಿ ಸೂಪಿನ ಪಾತ್ರೆಗಳು ಒಲೆಯಿಂದ ಇಳಿದವು ಎಂದು ಆಮೇಲೆ ತಿಳಿಯಿತು.

ಹೆರ್ಮೀನಾ ಮೈಕನ್ನು ಹತ್ತಿರಕ್ಕೆ ಎಳೆದುಕೊಂಡು, ನಗು ತಡೆದು ಹೇಳಿದಳು:

"ಆಮೇಲೆ."

ಆ ದನಿ ಅನುಮಾನಕ್ಕೆ ಎಡೆಯಿಲ್ಲದ್ದು. ಜನರಲ್ ಒಮ್ಮೆ ರೆಕ್ಕೆ ಬಡಿದು, ಪಡೆಯನ್ನು ಸಾಲು ಹಿಡಿಸಿ, ಹಳ್ಳದ ಕಡೆ ಹೊರಟಿತು.