ಮಾರ್ಚಲ್ಲಿ ನೋಡಿದ ಏಳು ಎಕರೆ

“ಮಾರ್ಚಲ್ಲಿ ಬರ್ತೀವಿ ಮೇಡಂ. ಅಷ್ಟೊತ್ತಿಗೆ ದಾರಿ ಒಣಗಿರತ್ತೆ,” ಅಂದ ಕ್ಲರ್ಕು.

“ಅದನ್ನೇ ಅಲ್ವಾ ನಾನು ಹೇಳುವುದು! ಒಣಗಿದ ಮೇಲೆ ಬಂದು ನೀವು ಎಂತ ನೋಡುವುದು?” ಅಂದ್ರು ಚಂದ್ರಾವತಿ ಆಂಟಿ.

“ಜಾಗ ನೋಡೋದು ಮೇಡಂ.”

“ಜಾಗದಲ್ಲಿ ನೀರು ನಿಲ್ತದಾ ಇಲ್ವಾ ಅಂತ ನೋಡ್ಲಿಕ್ಕೆ ನೀರು ನಿಂತಿರುವಾಗ ಬರ್ಬೇಕಲ್ಲ?”

“ನೀರು ನಿಂತಿದ್ರೆ ಬರಕ್ಕಾಗಲ್ವಲ್ಲ ಮೇಡಂ,” ಅಂತ ಅವನು ತುಂಬಾ ಪ್ರೀತಿಯಿಂದ, ಅಂಗನವಾಡಿ ಮಗೂಗೆ ಹೇಳೋ ತರ ಹೇಳಿ, ನಮ್ಮ ಹಿಂದೆ ನಿಂತಿದ್ದವರನ್ನ ಕರೆದುಬಿಟ್ಟ.

ಇದಿಷ್ಟೂ ನಡೆದಿದ್ದು ಮಲಯಾಳದಲ್ಲಿ, ಹೋದ ಸೋಮವಾರ, ಕಾಕ್ಕನಾಡಿನ ಒಂದು ಸರ್ಕಾರಿ ಆಫೀಸಲ್ಲಿ. ಆಂಟಿ ಹೊರಗೆ ಬಂದು ಬೆಂಚ್ ಮೇಲೆ ಕೂತು, ಕೊಡೆ ನೆಲಕ್ಕೆ ಕುಟ್ಟಿ, ಕನ್ನಡದಲ್ಲಿ ಒಂದೇ ಮಾತು ಹೇಳಿದ್ರು. “ಮಂಡೆ ಸಮ ಇಲ್ಲ ಇವರಿಗೆ.”

ನಂಗಂತೂ ಅಳು ಬರೋ ಅಷ್ಟು ಸಿಟ್ಟು. ಯಾಕೆ ಅಂತ ಹೇಳ್ತೀನಿ. ಆಲುವದಿಂದ ಬಸ್ಸಲ್ಲಿ ಇಪ್ಪತ್ತು ನಿಮಿಷ ಹೋದ್ರೆ ಪೆರಿಯಾರ್ ಹೊಳೆ ಪಕ್ಕ ಏಳು ಎಕರೆ ಜಾಗ ಇದೆ. ಹಿಂದೆ ಇಟ್ಟಿಗೆಗೆ ಮಣ್ಣು ತೆಗೆದ ಗುಂಡಿಗಳು, ಆಪು ಹುಲ್ಲು, ತಾವರೆ, ಮಳೆಗಾಲ ಪೂರ್ತಿ ಹೊಳೆ ನೀರು. ಗದ್ದೆ, ತೇವದ ಜಾಗ ಅಂತೆಲ್ಲ ಸರ್ಕಾರದ ಒಂದು ಪಟ್ಟಿ ಇರತ್ತೆ, ಅದರಲ್ಲಿ ಹೆಸರಿದ್ರೆ ಅಲ್ಲಿ ಮಣ್ಣು ತುಂಬೋ ಹಾಗಿಲ್ಲ. ಈ ಏಳು ಎಕರೆ ಪಟ್ಟೀಲಿ ಇಲ್ಲ. ‘ಒಣ ಭೂಮಿ’ ಅಂತ ಬರೆದಿದೆ. ಜಾಗದವರು ಡಿಸೆಂಬರಲ್ಲಿ ನೀರಿಳಿದ ತಕ್ಷಣ ಮಣ್ಣು ಹಾಕಿ ಕಲ್ಯಾಣ ಮಂಟಪ ಕಟ್ತಾರಂತೆ. ಆಫೀಸಿನವರು ಬಂದು ನೋಡಿ ದಾಖಲೆ ತಿದ್ದಿದ್ರೆ ಜಾಗ ಉಳಿಯತ್ತೆ. ಮಾರ್ಚಲ್ಲಿ ಬಂದ್ರೆ ಅವರು ನೋಡೋದು ಲಾರಿ ಮಣ್ಣನ್ನ!

ನಾನು ಈ ಜಾಗಕ್ಕೆ ಮೊದಲು ಹೋಗಿದ್ದು ಹೋದ ನವೆಂಬರಲ್ಲಿ. ಬಿಎಸ್ಸಿ ಝೂವಾಲಜಿ, ಹಕ್ಕಿ ಎಣಿಸೋ ಪ್ರಾಜೆಕ್ಟ್. ಮನೆ ತಿರುವನಂತಪುರದಲ್ಲಿ, ಅಪ್ಪ ಅಲ್ಲಿ ಸ್ಪೇಸ್ ಸೆಂಟರಿನ ಪರ್ಚೇಸ್ ಸೆಕ್ಷನ್, ನಾವು ಮೈಸೂರಿನವರು, ನಾನಿಲ್ಲಿ ಹಾಸ್ಟೆಲ್. ಅವತ್ತು ಬೆಳಿಗ್ಗೆ ನೂರಾ ಹನ್ನೆರಡು ಶಿಳ್ಳೆ ಬಾತು ಎಣಿಸಿದ್ದೆ, ನೂರಾ ಹದಿಮೂರನೇದು ಎಣಿಸೋ ಹೊತ್ತಿಗೆ ಹಿಂದಿನಿಂದ ಯಾರೋ ಲಾರಿ ಡ್ರೈವರಿಗೆ ಮಲಯಾಳದಲ್ಲಿ ಬೈತಿದ್ದಾರೆ, ಅಷ್ಟೂ ಬಾತು ಒಟ್ಟಿಗೆ ಎದ್ದು ಹಾರಿಹೋಯ್ತು. ತಿರುಗಿ ನೋಡಿದ್ರೆ ಕಾಟನ್ ಸೀರೆ, ಗಂಡಸ್ರ ಉದ್ದ ಕೊಡೆ ಹಿಡಿದ ಒಬ್ರು ಹೆಂಗಸು, “ಎಂತ ಜನವಪ್ಪಾ!” ಅಂತ ತಮ್ಮಷ್ಟಕ್ಕೆ ಗೊಣಗ್ತಿದ್ದಾರೆ. ನಾನು ಕೆಸರಲ್ಲೇ ಓಡಿದೆ. “ಆಂಟೀ ನೀವು ಕನ್ನಡಾನಾ!”

“ಹೌದು. ನೀನು ಚಪ್ಪಲಿ ಹುಡುಕು ಮೊದ್ಲು,” ಅಂದ್ರು. ಒಂದು ಚಪ್ಪಲಿ ಕೆಸರಲ್ಲೇ ಉಳಿದಿತ್ತು.

ಆಂಟಿ ಕಾಸರಗೋಡಿನ ಕಡೆ, ಪೆರ್ಲದ ಹತ್ರದವರು. ಕನ್ನಡ ಮೀಡಿಯಮ್ಮಲ್ಲಿ ಓದಿ, ಪಿಎಸ್‌ಸಿ ಬರೆದು ಕಂದಾಯ ಇಲಾಖೆ ಸೇರಿದವರು. ಈ ಕಡೆಗೆ ವರ್ಗ ಆದಾಗ ಮಲಯಾಳ ಮಾತಾಡಕ್ಕೆ ಬರ್ತಿತ್ತು, ಕೈಬರಹದ ಫೈಲ್ ಓದಕ್ಕೆ ಬರ್ತಿರ್ಲಿಲ್ವಂತೆ. ಮಧ್ಯಾಹ್ನ ಬುತ್ತಿ ಬಿಚ್ಚದೆ ಹಳೇ ಫೈಲ್ ನೋಡಿ ಅಕ್ಷರ ತಿದ್ದಿ ತಿದ್ದಿ ಕಲಿತ್ರಂತೆ. ಈಗ ಮಲಯಾಳದಲ್ಲಿ ಜಗಳಕ್ಕೆ ನಿಂತ್ರೆ ಆಲುವ ಮಾರ್ಕೆಟ್ಟೇ ದಾರಿ ಬಿಡತ್ತೆ. ಮೂವತ್ತೊಂದು ವರ್ಷ ಸರ್ವಿಸ್, ಒಂದು ರಿಮಾರ್ಕ್ ಇಲ್ಲ. ಇದನ್ನ ಅವರು ಹೇಳೋದೇ ಇಲ್ಲ, ಅವರ ಯಜಮಾನ್ರು ದಿನಕರ ಅಂಕಲ್ ಹೇಳ್ತಾರೆ. ಅಂಕಲ್ ಕೋರ್ಟಲ್ಲಿ ಸೆಕ್ಷನ್ ಆಫೀಸರ್ ಆಗಿ ರಿಟೈರ್ ಆದವರು, ಹಾಲಿನವನ ಚೀಟೀನೂ ದಿನಾಂಕದ ಪ್ರಕಾರ ಫೈಲ್ ಮಾಡ್ತಾರೆ.

ಮತ್ತೆ ಆ ಕೊಡೆ! ಅದನ್ನ ಆಂಟಿ ಯಾವತ್ತೂ ಬಿಡಿಸಲ್ಲ. ಅದರ ಮೇಲೆ ಕೆಂಪು ನೇಲ್ ಪಾಲಿಷಲ್ಲಿ ಗೆರೆ ಎಳೆದಿದ್ದಾರೆ, ಗೇಣಿಗೆ ಒಂದು. ದಿನಾ ಬೆಳಿಗ್ಗೆ ಅದೇ ಗುಂಡಿ ಅಂಚಲ್ಲಿ ನೀರಿಗೆ ಇಳಿಸಿ ಎಷ್ಟು ಗೆರೆ ಮುಳುಗ್ತು ಅಂತ ಡೈರೀಲಿ ಬರೀತಾರೆ. ಜೋರು ಮಳೆ ಸುರೀತಿರತ್ತೆ, ಕೈಯಲ್ಲಿ ಕೊಡೆ ಇರತ್ತೆ, ಇವರು ತೊಯ್ದು ತೊಪ್ಪೆ. “ಬಿಡಿಸಿ ಆಂಟಿ!” ಅಂದ್ರೆ, “ಇದು ಅಳತೆದ್ದು ಮಾರಾಯ್ತಿ. ಮಳೆದ್ದು ಮನೇಲುಂಟು.”

ಜೂನಲ್ಲಿ ಮೊದಲ ಮಳೆ ಬಂದ ಮಾರನೇ ದಿನ ಫೋನ್ ಮಾಡಿ ಎಬ್ಬಿಸಿದ್ರು. ಹೊಳೆ ನೀರು ತೋಡಲ್ಲಿ ಹಿಂದಕ್ಕೆ ಹರಿದು ಆ ಏಳು ಎಕರೆಗೆ ನುಗ್ಗತ್ತೆ, ಅದರ ಜೊತೆ ಮೀನು! ಮೊಟ್ಟೆ ಇಡಕ್ಕೆ ಹತ್ತಿ ಬರತ್ತೆ. ಇಲ್ಲಿಯವರು ಊತ್ತ ಅಂತಾರೆ, ಆಂಟಿ ಹತ್ತುಮೀನು ಅಂತಾರೆ. ಹುಲ್ಲಿನ ಮೇಲೆ ಅರ್ಧ ಗೇಣು ನೀರಲ್ಲಿ ಬೆನ್ನು ಕಾಣಿಸ್ಕೊಂಡು ಮೀನು ಸರಸರ ಹೋಗ್ತಿದ್ರೆ ನಂಗೆ ಕಿರುಚೋಕೂ ಆಗ್ತಿಲ್ಲ, ಕಿರುಚಿದ್ರೆ ನೀರುನಾಯಿ ಓಡಿಹೋಗತ್ತೆ! ಹೌದು, ನೀರುನಾಯಿ, ಐದು! ದೊಡ್ಡದೆರಡು, ಮರಿ ಮೂರು, ಗುಂಡಿ ದಡದಲ್ಲಿ ಮೀನು ಕಚ್ಚಿ ಕೂತಿದ್ವು, ಮರಿಗಳು ಮೀನಿಗಿಂತ ಜಾಸ್ತಿ ಒಂದನ್ನೊಂದು ಕಚ್ತಿದ್ವು. ನನ್ನ ಕೈ ನಡುಗಿ ಫೋಟೋ ಎಲ್ಲ ಹಾಳು. ಐದು ಕಂದು ಮಚ್ಚೆ.

“ನೋಡು,” ಅಂದ್ರು ಆಂಟಿ ಪಿಸುಮಾತಲ್ಲಿ, “ಇದು ಹೊಳೆಯ ಜಗಲಿ. ಒಳಗೆ ಜಾಗ ಸಾಲದಾಗ ಅದು ಬಂದು ಕೂತುಕೊಳ್ಳುವುದು ಇಲ್ಲಿ. ಜಗಲಿಗೆ ಗೋಡೆ ಕಟ್ಟಿದ್ರೆ ನೆಂಟರು ನೇರ ಅಡುಗೆಮನೆಗೆ ಬರ್ತಾರೆ.”

“ಇದನ್ನ ಒಣ ಭೂಮಿ ಅಂತ ಬರೆದ ಮಹಾನುಭಾವ ಯಾರು ಆಂಟಿ? ಕಣ್ಣಿರಲಿಲ್ವಾ ಅವನಿಗೆ?”

ಆಂಟಿ ಕೊಡೆ ಒರೆಸ್ತಾ, “ನಾನೇ,” ಅಂದ್ರು.

ಎರಡು ಸಾವಿರದ ಹನ್ನೊಂದು. ಅವರಾಗ ಇಲ್ಲಿನ ವಿಲೇಜ್ ಆಫೀಸಲ್ಲಿದ್ರು. ಪಟ್ಟಿಗೋಸ್ಕರ ಜಾಗ ನೋಡಿ ಬಾ ಅಂತ ಕಳಿಸಿದ್ರು. ಮಾರ್ಚ್ ತಿಂಗಳು. ನೆಲ ಬಿರುಕು ಬಿಟ್ಟಿತ್ತು, ಹುಡುಗರು ಕ್ರಿಕೆಟ್ ಆಡ್ತಿದ್ರು. ‘ಒಣ ಭೂಮಿ’ ಅಂತ ಬರೆದು ಸಹಿ ಹಾಕಿ ಬಂದ್ರು. ಏಳು ವರ್ಷ ಆದ್ಮೇಲೆ, ಹದಿನೆಂಟರ ದೊಡ್ಡ ನೆರೇಲಿ, ಪರಿಹಾರ ಕ್ಯಾಂಪಿಗೆ ಅಕ್ಕಿ ತಗೊಂಡು ದೋಣೀಲಿ ಹೋಗ್ತಿದ್ದಾಗ, ಹುಟ್ಟು ಹಾಕ್ತಿದ್ದ ಔಸೇಪ್ ಚೇಟ್ಟನ್, ಅಂದ್ರೆ ಔಸೇಪಣ್ಣ, ನೀರಿಗೆ ಕೈ ತೋರ್ಸಿ, “ಚೇಚಿ, ನಿಮ್ಮ ಒಣ ಭೂಮಿ ಈಗ ನಮ್ಮ ಕೆಳಗಿದೆ,” ಅಂದ್ರಂತೆ. ತಮಾಷೆಗೇ ಹೇಳಿದ್ದು. ಆಂಟಿಗೆ ಅವತ್ತು ಊಟ ಸೇರಲಿಲ್ಲ.

ರಿಟೈರ್ ಆಗೋ ತನಕ ಒಳಗಿಂದ ತಿದ್ದಿಸಕ್ಕೆ ನೋಡಿದ್ರು, ಆಗಲಿಲ್ಲ. ಈಗ ಹೊರಗಿಂದ ಅರ್ಜಿ ಹಾಕಿದ್ದಾರೆ. ಅರ್ಜೀಲಿ ‘ಹಿಂದಿನ ಪರಿಶೀಲನೆಯಲ್ಲಿ ತಪ್ಪಾಗಿದೆ’ ಅಂತಷ್ಟೇ ಇದೆ, ತಪ್ಪು ಯಾರದ್ದು ಅಂತ ಇಲ್ಲ. ಅದೊಂದು ವಾಕ್ಯ ಬರೆಯಕ್ಕೆ ಕೈ ಬರಲಿಲ್ಲ ಅಂದ್ರು.

ನಂಗೆ ಒಂದು ಸಖತ್ ಐಡಿಯಾ ಬಂತು, ಉಪಗ್ರಹದ ಫೋಟೋ! ಅಪ್ಪನಿಗೆ ಫೋನ್ ಮಾಡ್ದೆ. ಅಪ್ಪ ಸಂಜೆ ಯಾರನ್ನೋ ಕೇಳಿ ವಾಪಸ್ ಮಾಡಿದ್ರು. “ನಿಖಿತಾ, ಮಳೆಗಾಲದ ಫೋಟೋದಲ್ಲೆಲ್ಲ ಬರೀ ಮೋಡ ಕಣೇ. ನೀಟಾಗಿ ಕಾಣೋದು ಜನವರಿಯಿಂದ ಮಾರ್ಚು.”

ಆಕಾಶಕ್ಕೂ ಮಾರ್ಚೇ ಬೇಕಾ? ಫೋನ್ ಎಸೀಬೇಕು ಅನ್ನಿಸ್ತು.

ಇನ್ನು ಆಫೀಸಿನವರು. ಜೂನಲ್ಲಿ ಒಂದು ದಿನ ಕೊಟ್ರು, ಬರಲಿಲ್ಲ, ಕಾಗದ ಬಂತು. ಜುಲೈ ಮೊದಲಲ್ಲಿ ಒಂದು ದಿನ, ಆಂಟಿ ಬೆಳಿಗ್ಗೆ ಏಳರಿಂದ ದಡದಲ್ಲಿ ಫ್ಲಾಸ್ಕ್ ಹಿಡ್ಕೊಂಡು ನಿಂತಿದ್ರು, ಹನ್ನೊಂದಕ್ಕೆ ಕಾಫಿ ನಾವೇ ಕುಡಿದ್ವಿ, ಕಾಗದ ಬಂತು. ಜುಲೈ ಕೊನೇಲೂ ಹಾಗೇ. ಆಮೇಲೆ ಸೋಮವಾರದ ‘ಮಾರ್ಚಲ್ಲಿ ಬರ್ತೀವಿ’.

ಅವತ್ತು ಕಾಕ್ಕನಾಡಿಂದ ಆಂಟಿ ಮನೆಗೆ ಬಂದು ನಾನು ಸಿಟ್ಟಲ್ಲಿ ಅಂಕಲ್ ಫೈಲ್ ತೆಗೆದು ಕಾಗದಗಳನ್ನ ಜೋರಾಗಿ ಓದಕ್ಕೆ ಶುರು ಮಾಡ್ದೆ, ಆ ಕ್ಲರ್ಕ್ ಧ್ವನೀಲೇ. “‘ಸ್ಥಳವು ಜಲಾವೃತವಾಗಿರುವುದರಿಂದ ಪರಿಶೀಲನೆ ಮುಂದೂಡಲಾಗಿದೆ.’ ಆಹಾ! ಎರಡನೇದು ಕೇಳಿ, ‘ಸ್ಥಳದಲ್ಲಿ ಸೊಂಟದ ಮಟ್ಟದ ನೀರಿರುವುದರಿಂದ…’ ಸೊಂಟ ಅಂತೆ! ಯಾರ ಸೊಂಟ ಅಂಕಲ್, ಬಂದು ನೋಡೇ ಇಲ್ಲ!”

“ವಿಲೇಜ್ ಆಫೀಸಿನವರು ಫೋನಲ್ಲಿ ಹೇಳಿರ್ತಾರೆ,” ಅಂದ್ರು ಅಂಕಲ್. “ಅಲ್ಪವಿರಾಮ ಬಿಟ್ಟು ಓದ್ಬೇಡ.”

ಆಂಟಿ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡ್ಕೊಂಡು ನಿಂತಿದ್ರು. “ಇನ್ನೊಮ್ಮೆ ಓದು,” ಅಂದ್ರು.

ಓದಿದೆ. ಮೂರನೇದನ್ನೂ ಓದಿದೆ.

“ಸೀಲ್ ಉಂಟಾ?”

“ಮೂರಕ್ಕೂ ಇದೆ ಆಂಟಿ.”

ಆಂಟಿ ಸೌಟು ಇಟ್ಟು ಬಂದು ಕೂತ್ರು. ಮುಖ ಒಂಥರಾ ಆಗಿತ್ತು. “ಮಾರಾಯ್ತಿ, ಇದನ್ನ ನಾನೂ ಬರ್ದಿದ್ದೆ.”

ಅವರಿಗೆ ಆಗಷ್ಟೇ ನೆನಪಾಗಿದ್ದು. ಜಾಗ ನೋಡಕ್ಕೆ ಅವರಿಗೆ ಮೊದಲು ಹೇಳಿದ್ದು ಹತ್ತನೇ ಇಸವಿ ಜುಲೈಲಿ. ದಾರಿ ಮುಳುಗಿತ್ತು. ‘ನೀರು ನಿಂತಿರುವ ಕಾರಣ ಬೇಸಿಗೆಗೆ ಮುಂದೂಡಬಹುದು’ ಅಂತ ಬರೆದು ಕಳಿಸಿದ್ರು. ಎಲ್ಲರೂ ಹಾಗೇ ಬರೀತಿದ್ರು, ಯಾರೂ ತಪ್ಪು ಅಂದುಕೊಂಡಿರಲಿಲ್ಲ. ನೀರಿದೆ ಅಂತ ಹೋಗದೇ ಇದ್ದು, ನೀರಿಲ್ಲದಾಗ ಹೋಗಿ, ನೀರಿಲ್ಲ ಅಂತ ಬರೆಯೋದು. ಹದಿನೈದು ವರ್ಷದಿಂದ ಆ ಜಾಗ ತಾನು ಏನು ಅಂತ ಹೇಳ್ತಾನೇ ಇದೆ, ಇವರೆಲ್ಲ ಸೀಲ್ ಹೊಡೆದು ಮುಂದೂಡ್ತಾನೇ ಇದ್ದಾರೆ! ಅಲ್ಲಿ ನೀರು ನಿಲ್ಲತ್ತೆ ಅನ್ನೋದಕ್ಕೆ ಸರ್ಕಾರದ್ದೇ ಸೀಲ್ ಇರೋ ಸಾಕ್ಷಿ ನಮ್ಮ ಕೈಲೇ ಇತ್ತು!

ಮಾರನೇ ದಿನ ವಿಲೇಜ್ ಆಫೀಸಿಗೆ ಹೋಗಿ ಹಳೇ ಫೈಲಿಂದ ಆ ಕಾಗದದ ನಕಲು ಕೇಳಿದ್ರು. ಅದು ಸಿಗಕ್ಕೆ ಎರಡು ದಿನ, ಒಂದು ಅರ್ಜಿ, ಎರಡು ಊಟದ ವಿರಾಮ.

ಗುರುವಾರ ಮತ್ತೆ ಕಾಕ್ಕನಾಡ್. ಈ ಸಲ ಕ್ಲರ್ಕ್ ಅಲ್ಲ, ಒಳಗಿನ ಸಾರ್. ಚಿಕ್ಕ ವಯಸ್ಸು, ಹೊಸಬರು, ಮೇಜಿನ ಮೇಲೆ ಫೈಲ್ ಗುಡ್ಡ. ನಾಲ್ಕೂ ಕಾಗದ ಸಾಲಾಗಿ ಇಟ್ಟು ಆಂಟಿ ಸುಮ್ಮನೆ ಕೂತ್ರು. ಸಾರ್ ಓದಿದ್ರು, ಆಮೇಲೆ ಹಳೇ ವರದಿ ತೆಗೆದ್ರು.

“ಆದ್ರೆ ಮೇಡಂ, ಖುದ್ದಾಗಿ ಹೋಗಿ ನೋಡಿದ ಅಧಿಕಾರಿ ಒಣ ಭೂಮಿ ಅಂತ ಬರೆದಿದ್ದಾರಲ್ಲ. ಜವಾಬ್ದಾರಿ ಇರೋರು. ಅವರು ತಪ್ಪು ಅಂತ ಹೇಳಕ್ಕೆ ನೀವ್ಯಾರು?”

ಆಂಟಿ ಕೊಡೆ ಹಿಡಿ ಗಟ್ಟಿಯಾಗಿ ಹಿಡ್ಕೊಂಡ್ರು. ನಾನು ನೆಲ ನೋಡ್ತಿದ್ದೆ.

“ಆ ಸಹಿ ನಂದು ಸಾರ್,” ಅಂದ್ರು. “ನಾಲ್ಕನೇ ಕಾಗದದಲ್ಲಿ ಇರುವುದೂ ನನ್ನದೇ. ನೀರಿತ್ತು ಅಂತ ನನಗೆ ಗೊತ್ತಿತ್ತು. ಆದ್ರೂ ಹಾಗೆ ಬರೆದೆ. ತಪ್ಪು ನಂದು ಅಂತ ಬರೆದು ಕೊಡ್ತೇನೆ. ಪೇಪರ್ ಕೊಡಿ.”

ಸಾರ್ ಎರಡೂ ಸಹಿ ಪಕ್ಕಪಕ್ಕ ಇಟ್ಟು ನೋಡಿದ್ರು. ಫ್ಯಾನ್ ತಿರುಗ್ತಿತ್ತು. ಆಂಟಿ ಬರೆದ್ರು, ಐದು ಸಾಲು, ಒಂದು ಕಾಟೂ ಇಲ್ಲದೆ.

ಇಷ್ಟಾದ್ಮೇಲೆ ಆರ್ಡರ್ ಕೊಟ್ಟೇ ಬಿಡ್ತಾರೆ ಅಂದ್ಕೊಂಡೆ. ಎಲ್ಲಿ! “ಕಾಗದ ಎಲ್ಲ ಸರಿ ಮೇಡಂ, ಆದ್ರೆ ಸ್ಥಳ ನೋಡದೆ ನಾನೇನೂ ಬರೆಯೋ ಹಾಗಿಲ್ಲ. ಅಲ್ಲಿ ಜೀಪ್ ಹೋಗಲ್ಲ.”

“ದೋಣಿ ಹೋಗ್ತದೆ ಸಾರ್.”

“ದೋಣಿ?”

“ಔಸೇಪ್ ಅಂತ ಒಬ್ಬರಿದ್ದಾರೆ. ಹದಿನೆಂಟರಲ್ಲಿ ನನ್ನನ್ನ ಕರ್ಕೊಂಡು ಹೋದವರು.”

ಸಾರ್ ಬಾಗಿಲ ಕಡೆ ನೋಡಿ, ದನಿ ತಗ್ಗಿಸಿ, “ನಂಗೆ ಈಜು ಬರಲ್ಲ ಮೇಡಂ,” ಅಂದ್ರು.

“ನನಗೂ ಬರುವುದಿಲ್ಲ,” ಅಂದ್ರು ಆಂಟಿ. “ಸೊಂಟದ ಮಟ್ಟ ಅಂತ ನೀವೇ ಬರ್ದಿದ್ದೀರಿ. ನಿಂತ್ರೆ ಆಯ್ತು.”

ಸಾರ್ ನಕ್ಕುಬಿಟ್ರು, ಆಮೇಲೆ ನಗಬಾರದಿತ್ತು ಅನ್ನೋ ತರ ಕ್ಯಾಲೆಂಡರ್ ನೋಡಿದ್ರು. ಬುಧವಾರ ಬೆಳಿಗ್ಗೆ, ಎಂಟಕ್ಕೆ. ಮಳೆಯ ಆರೆಂಜ್ ಅಲರ್ಟ್ ಇದ್ರೆ ಬರಲ್ಲ, ಅದೂ ಹೇಳಿದ್ರು. ಮುಂದೂಡಿದ್ರೆ ಬರೋದು ಐದನೇ ಕಾಗದ, ಇನ್ನೇನಿಲ್ಲ!

ಬಸ್ ಸ್ಟಾಪಲ್ಲಿ ಆಂಟಿ, “ಮೂವತ್ತೊಂದು ವರ್ಷ ಒಂದು ರಿಮಾರ್ಕ್ ಇರ್ಲಿಲ್ಲ. ಇವತ್ತು ನಾನೇ ಬರ್ದುಕೊಟ್ಟೆ,” ಅಂದ್ರು. ನಾನು ಅವರ ಕೈ ಹಿಡ್ಕೊಂಡೆ. ಅವರು ಕೈ ಬಿಡಿಸ್ಕೊಂಡು ಫೋನ್ ತೆಗೆದ್ರು, ಔಸೇಪ್ ಚೇಟ್ಟನಿಗೆ ದೋಣೀದು ತೂತು ಮುಚ್ಚಕ್ಕೆ ಹೇಳಿದ್ರು, ಆಮೇಲೆ ನನ್ನ ಕಡೆ ತಿರುಗಿದ್ರು.

“ಬುಧವಾರ ಏಳೂವರೆಗೆ ದಡದಲ್ಲಿ ಇರು. ಕ್ಯಾಮೆರಾ ಯಾರಾದ್ರೂ ಕೈ ನಡುಗದವರ ಹತ್ರ ಕೊಡು. ಕಾಲೇಜಲ್ಲಿ ತೇಲುವ ಜಾಕೆಟ್ ಉಂಟಾ ಅಂತ ಕೇಳು, ಸಾರಿಗೆ ಒಂದು. ಮತ್ತೆ ಆ ಚಪ್ಪಲಿ ಹಾಕ್ಕೊಂಡು ಬರ್ಬೇಡ.”

“ಆಂಟಿ, ಮಳೆ ಬಂದ್ರೆ?”

“ಮಳೆದ್ದು ಕೊಡೆ ತರ್ತೇನೆ ಈ ಸಲ,” ಅಂದ್ರು. “ಸಾರ್ ತೊಯ್ದ್ರೆ ಅದಕ್ಕೊಂದು ಕಾಗದ ಬರೀತಾರೆ.”