ಹುರಿಯ ಇನ್ನೊಂದು ತುದಿ

ಕಾಲೇಜಿನ ವಾಲಿಬಾಲ್ ಅಂಗಳಕ್ಕೆ ದಿನಾ ಬೆಳಿಗ್ಗೆ ಗೆರೆ ಎಳೆಯುತ್ತಿದ್ದವನನ್ನು ತಂಡದ ಹುಡುಗಿಯರು ಸುಣ್ಣದಣ್ಣ ಎಂದು ಕರೆಯುತ್ತಿದ್ದರು. ಅವನ ನಿಜವಾದ ಹೆಸರು ಹಾಜರಿ ಪುಸ್ತಕಕ್ಕೆ ಬಿಟ್ಟರೆ ಬೇರೆ ಯಾರಿಗೂ ಬೇಕಿರಲಿಲ್ಲ. ಮದುವೆಯ ಗೋಜಿಗೆ ಹೋದವನಲ್ಲ. ಆಟದ ಸಾಮಾನಿನ ಕೋಣೆಯ ಹಿಂದೆ ಒಂದು ಮಂಚ, ಒಂದು ಸ್ಟವ್, ಗಾಳಿ ಹೋದ ಹತ್ತಾರು ಚೆಂಡು. ಅಷ್ಟೇ ಅವನ ಸಂಸಾರ. ಅಕ್ಕ ಒಬ್ಬಳಿದ್ದಳು, ತಿಂಗಳಿಗೊಮ್ಮೆ ಫೋನು ಮಾಡಿ "ಊಟ ಆಯ್ತಾ" ಎಂದು ಕೇಳಿ ಇಟ್ಟುಬಿಡುತ್ತಿದ್ದಳು.

ಅವನು ಮನಸ್ಸು ಬಿಚ್ಚಿ ಮಾತಾಡುತ್ತಿದ್ದುದು ದಿನಕ್ಕೆ ಅರ್ಧ ಗಂಟೆ, ಕೋಚ್ ಜೊತೆಗೆ. ಹುರಿಯ ಒಂದು ತುದಿಯನ್ನು ಗೂಟಕ್ಕೆ ಕಟ್ಟಿ, ಇನ್ನೊಂದನ್ನು ಕೋಚ್ ಕೈಗೆ ಕೊಟ್ಟು, ಇವನು ಡಬ್ಬಿಯಿಂದ ಸುಣ್ಣ ಉದುರಿಸುತ್ತ ಹೋಗುತ್ತಿದ್ದ. ಕೋಚ್ ಅವರ ಮೊಣಕಾಲು ನೋವು, ಅವರ ಹೆಂಡತಿಯ ಮುನಿಸು, ಇವನ ಸ್ಟವ್‌ನ ತಕರಾರು ಎಲ್ಲವೂ ಆ ಹುರಿಯ ಮೇಲೇ ಹಾದುಹೋಗುತ್ತಿದ್ದವು. ಆ ತುದಿಗೂ ಒಂದು ಗೂಟ ನೆಟ್ಟಿದ್ದರೆ ಎರಡನೆಯ ಮನುಷ್ಯನೇ ಬೇಕಿರಲಿಲ್ಲ. ಇದು ಇಬ್ಬರಿಗೂ ಗೊತ್ತಿತ್ತು. ಹನ್ನೊಂದು ವರ್ಷ ಇಬ್ಬರೂ ಗೂಟದ ಮಾತೆತ್ತಲಿಲ್ಲ.

ಇನ್ನೊಂದು ಗುಟ್ಟೂ ಇತ್ತು. ಅಂಗಳದ ಹಿಂಬದಿಯ ಗೆರೆಯನ್ನು ಕೋಚ್ ನಿಯಮದ ಅಳತೆಗಿಂತ ಒಂದು ಗೇಣು ಒಳಗೇ ಹಾಕಿಸುತ್ತಿದ್ದರು.

"ಗಿಡ್ಡ ಅಂಗಳದಲ್ಲಿ ಕಲಿತ್ರೆ, ಬೇರೆ ಕಡೆ ಆಡುವಾಗ ಚೆಂಡು ಹೊರಗೆ ಬೀಳಲ್ಲ ಕಣಯ್ಯಾ. ಎಲ್ಲೂ ಬಾಯಿ ಬಿಡಬೇಡ."

ಬಾಯಿ ಬಿಡಲು ಅವನಿಗಾದರೂ ಯಾರಿದ್ದರು?

ಕೋಚ್ ಹೆಂಡತಿಗೆ ದೂರದ ಊರಿಗೆ ವರ್ಗವಾಯಿತು, ಅವರೂ ಹೊರಟರು. ಶನಿವಾರ ಹನ್ನೊಂದಕ್ಕೆ ಸಭಾಂಗಣದಲ್ಲಿ ಬೀಳ್ಕೊಡುಗೆ, ಅಲ್ಲಿಂದಲೇ ಕಾರು. ಆ ದಿನ ಅಭ್ಯಾಸವಿಲ್ಲ ಎಂದು ಗೊತ್ತಿದ್ದರೂ ಸುಣ್ಣದಣ್ಣ ಎಂದಿನಂತೆ ಎದ್ದು ಡಬ್ಬಿ ತುಂಬಿಸಿದ, ಹುರಿ ಬಿಚ್ಚಿಟ್ಟ. ಹೊಗಳಿಕೆಯ ಆಸೆ ಅವನಿಗಿರಲಿಲ್ಲ. ಕೊನೆಯದಾಗಿ ಒಂದು ಸಲ ಕೋಚ್ ಆ ತುದಿ ಹಿಡಿಯಬೇಕು, ಅಷ್ಟೇ. ಏಳಾಯಿತು, ಎಂಟಾಯಿತು. ಊರಿಗೆ ಬಂದವಳು ನೀರಿಗೆ ಬಾರದೆ ಇರುತ್ತಾಳೆಯೇ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಹತ್ತೂವರೆಗೆ ಕೋಚ್ ಬಂದೇ ಬಂದರು. ಹುಡುಗಿಯರು ಕೊಡಿಸಿದ ಕಡುನೀಲಿ ಕೋಟು ಹಾಕಿದ್ದರು. ಸುಣ್ಣದಣ್ಣ ಹುರಿಯ ತುದಿ ಹಿಡಿದು ಎದುರಿಗೆ ಹೋದ.

"ಏನಯ್ಯಾ, ಇವತ್ತೂನಾ?" ಎಂದು ಕೋಚ್ ನಕ್ಕರು. ಕೈ ಮುಂದೆ ಬಂತು, ಕೋಟಿನ ತೋಳು ಕಣ್ಣಿಗೆ ಬಿದ್ದದ್ದೇ ಹಿಂದಕ್ಕೆ ಹೋಯಿತು. "ಬೇಡ ಬಿಡು, ಕೋಟಿಗೆ ಸುಣ್ಣ ಆಗುತ್ತೆ. ಒಳಗೆ ಕಾಯ್ತಿದ್ದಾರೆ."

"ಆಯ್ತು ಸಾರ್."

"ಸೋಮವಾರದಿಂದ ಟೇಪು ಹಿಡಿದು ಸರಿಯಾದ ಅಳತೆಗೇ ಹಾಕು. ನಮ್ಮ ಕಳ್ಳಾಟ ಹೊಸ ಕೋಚ್ ತಲೆಗೆ ಬರೋದು ಬೇಡ. ಆ ತುದಿಗೊಂದು ಗೂಟ ಹೊಡ್ಕೋ."

ಸುಣ್ಣದಣ್ಣ ಹುರಿಯನ್ನು ಕೈಗೆ ಸುತ್ತಿಕೊಳ್ಳತೊಡಗಿದ. ಹನ್ನೊಂದು ವರ್ಷ ಆಡದೆ ಉಳಿಸಿಕೊಂಡಿದ್ದ ಮಾತನ್ನು ಆ ಪುಣ್ಯಾತ್ಮ ಹೋಗುವ ಹೊತ್ತಿಗೆ ಆಡಿಬಿಟ್ಟಿದ್ದರು. ಭುಜ ತಟ್ಟಿ ಹೊರಟೂ ಹೋದರು.

ಸಭೆಗೆ ಅವನು ಹೋಗಲಿಲ್ಲ. ಮಂಚದ ಮೇಲೆ ಕೂತು ಚಪ್ಪಾಳೆ ಕೇಳಿಸಿಕೊಂಡ. ಕಾರು ಮುಂದಿನ ಗೇಟಿನಿಂದ ಹೋಯಿತು. ಅವನ ಕೋಣೆ ಹಿಂದೆ.

ಸೋಮವಾರ ಬೆಳಿಗ್ಗೆ ಎರಡೂ ತುದಿಗೆ ಗೂಟ ನೆಟ್ಟು, ಟೇಪು ಹಿಡಿದು ಕೂದಲೆಳೆಯಷ್ಟೂ ತಪ್ಪದಂತೆ ಗೆರೆ ಎಳೆದ. ಮಾತಿಲ್ಲದ ಕೆಲಸ ಹತ್ತೇ ನಿಮಿಷಕ್ಕೆ ಮುಗಿಯಿತು. ಒಂದು ಗೇಣು ಒಳಗೆ ಹಳೆಯ ಗೆರೆ ಮಸುಕಾಗಿ ಉಳಿದಿತ್ತು; ವರ್ಷಗಳ ಸುಣ್ಣ ಮಣ್ಣಿಗೆ ಇಳಿದಿತ್ತು. ಕಾಲಿನಿಂದ ಉಜ್ಜಿದ. ಹೋಗಲಿಲ್ಲ.

ಹುಡುಗಿಯರು ಬಂದರು. ಕ್ಯಾಪ್ಟನ್ ಎರಡು ಗೆರೆಗಳನ್ನೂ ನೋಡಿ ನಿಂತಳು.

"ಅಣ್ಣಾ, ಗೆರೆ ತಪ್ಪಿದೆ. ಹಳೇದು ಇಲ್ಲೇ ಕಾಣ್ತಿದೆ ನೋಡಿ. ಸರ್ ಇದ್ದಾಗ ಒಂದಿನಾನೂ ಹೀಗಾಗಿರ್ಲಿಲ್ಲ."

ಟೇಪು ಜೇಬಿನಲ್ಲೇ ಇತ್ತು. ಅದನ್ನು ಎಳೆದು ತೋರಿಸಿದ್ದರೆ ಅವನ ಮಾನ ಉಳಿಯುತ್ತಿತ್ತು, ಕೋಚ್ ಅವರ ಗುಟ್ಟು ಬಯಲಾಗುತ್ತಿತ್ತು. ಅವನು ಜೇಬಿಗೆ ಕೈ ಹಾಕಿ ಟೇಪನ್ನು ಅಲ್ಲೇ ಬಿಗಿಯಾಗಿ ಹಿಡಿದುಕೊಂಡ.

"ಹೌದಮ್ಮಾ," ಎಂದ. "ಇವತ್ತು ಒಬ್ಬನೇ ಎಳೆದೆ."