ಎರ್ರೆಪ್ಪ ಹುಟ್ಟು ಹಾಕಿದ ಸಿನಿಮಾ

ಹಂಪಿ ಬಜಾರಿನ ಕಲ್ಲುಮಂಟಪಗಳಲ್ಲಿ ಬದುಕು ಕಟ್ಟಿಕೊಂಡವರನ್ನು ಸರ್ಕಾರ ಎಬ್ಬಿಸಿದಾಗ ದುರ್ಗಕ್ಕನ ಸಂಸಾರವೂ ಎದ್ದಿತು. ಅವಳು ಅಲ್ಲಿ ಹೂವು ಮಾರುತ್ತಿದ್ದಳು. ಗಂಡ ಎರ್ರೆಪ್ಪ ಹೊಳೆಯಲ್ಲಿ ಹರಿಗೋಲು ನಡೆಸುತ್ತಿದ್ದ. ಮಗಳು ಪಲ್ಲವಿಯನ್ನು ಕರೆದುಕೊಂಡು ಉಕ್ಕಿನ ಕಾರ್ಖಾನೆಯ ಪಕ್ಕದ ಕುರೆಕುಪ್ಪಕ್ಕೆ ಬಂದು, ಇಬ್ಬರೂ ಗೋದಾಮು ಗುಡಿಸುವ ಕೆಲಸ ಹಿಡಿದರು. ಬರಬರುತ್ತಾ ಆ ದೂಳಿಗೆ ಎರ್ರೆಪ್ಪನಿಗೆ ಕೆಮ್ಮು ಗಂಟುಬಿತ್ತು.

ಹೋದ ವರ್ಷ ಹಂಪಿಗೆ ಸಿನಿಮಾದವರು ಬಂದರು. ಯುದ್ಧ ಸೋತ ವಿಜಯನಗರವನ್ನು ಜನ ಖಾಲಿ ಮಾಡಿಕೊಂಡು ಹೊರಡುವಾಗ ಅಗಲಿಹೋಗುವ ಸೈನಿಕನೊಬ್ಬನ, ಅವನ ಹುಡುಗಿಯ ಪ್ರೀತಿಯ ಕತೆ. ಓಡುವ ಗುಂಪಿಗೆ ಜನ ಬೇಕಿತ್ತು. ಹೊಸಪೇಟೆಯ ಏಜೆಂಟ್ ಪಂಪೇಶ್ ಗಂಡಹೆಂಡತಿ ಇಬ್ಬರನ್ನೂ ಕರೆಸಿದ. ಹುಡುಗಿಯನ್ನು ಹೊಳೆ ದಾಟಿಸುವ ಅಂಬಿಗನ ಪಾತ್ರ ಎರ್ರೆಪ್ಪನದಾಯಿತು.

ದುರ್ಗಕ್ಕ ತಲೆಯ ಮೇಲೆ ಗಂಟು ಹೊತ್ತು ದಂಡೆಯಲ್ಲಿ ನಿಂತಳು. ಅಳಬೇಕು ಎಂದರು, ಅಳು ಬರಲಿಲ್ಲ. ನೀರಿಗಿಳಿದ ಎರ್ರೆಪ್ಪನಿಗೆ ಮಾತ್ರ ಹರೆಯ ಮರಳಿದಂತಿತ್ತು. ಕೆಮ್ಮು ಮರೆತು ಹುಟ್ಟು ಹಾಕುತ್ತಾ, ನಡುಹೊಳೆಯಲ್ಲಿ ತಿರುಗಿ, "ಏ ದುರ್ಗೀ, ಅಲ್ಲೇ ನಿಂದ್ರು, ವಾಪಸ್ ಬರ್ತೀನಿ!" ಎಂದು ಕೂಗಿಬಿಟ್ಟ. ನಿರ್ದೇಶಕ ಬೈದ. ದುರ್ಗಕ್ಕ ಸೆರಗು ಬಾಯಿಗಿಟ್ಟು ನಕ್ಕಳು. ಅಷ್ಟು ನಕ್ಕು ಎಷ್ಟೋ ಕಾಲವಾಗಿತ್ತು.

ಸಿನಿಮಾ ಬರುವ ಮುಂಚೆಯೇ ಎರ್ರೆಪ್ಪ ಹೋದ. ಕೊನೆಕೊನೆಗೆ ಅವನಿಗೆ ಮಾತಾಡಲೂ ಉಸಿರು ಸಾಲುತ್ತಿರಲಿಲ್ಲ. ಮನೆಯಲ್ಲಿ ಉಳಿದದ್ದು ಆಧಾರ್ ಕಾರ್ಡಿನ ಫೋಟೊ ಒಂದೇ; ಅದರಲ್ಲಿ ಅವನು ಯಾರೋ ಬೆದರಿದವನಂತಿದ್ದ. ಹೊಳೆಯ ನಡುವೆ ತಿರುಗಿ ನೋಡಿದ ಆ ಮುಖ ಸಿನಿಮಾದಲ್ಲಿದೆ ಎಂಬುದನ್ನೇ ಹಿಡಿದುಕೊಂಡು ದುರ್ಗಕ್ಕ ದಿನ ದೂಡಿದಳು.

ಹೊಸಪೇಟೆಯ ಟಾಕೀಸಿಗೆ ಸಿನಿಮಾ ಬಂದ ದಿನವೇ ತಾಯಿಮಗಳು ಹೋದರು. ಹೊಳೆ ಬಂತು, ಹರಿಗೋಲೂ ಬಂತು. ಹುಟ್ಟು ಹಾಕುತ್ತಿದ್ದವನು ನಾಯಕನೇ. ಸುತ್ತಲಿನವರು ಮೂಗೊರೆಸಿಕೊಳ್ಳುತ್ತಿದ್ದರು.

"ನಿಮ್ಮಪ್ಪ ಎಲ್ಲೇ?" ಎಂದಳು ದುರ್ಗಕ್ಕ.

"ತಡಿಯವ್ವ, ಮುಂದ ಬರಬೌದು."

ದೀಪ ಹತ್ತುವವರೆಗೂ ಅವನು ಬರಲಿಲ್ಲ.

ಹೊರಗೆ ಬಂದು ಪಲ್ಲವಿ ಪಂಪೇಶನಿಗೆ ಫೋನ್ ಮಾಡಿದಳು. "ಕತಿ ಬದಲಾತವ್ವ. ಹೀರೋನೇ ದಾಟಿಸಿದ್ರ ಚಲೋ ಅಂತ ಕಂಪ್ಲಿ ಕಡೆ ಮತ್ತ ತೆಗದ್ರು," ಎಂದ ಅವನು.

ದುರ್ಗಕ್ಕ ಫೋನ್ ಕಸಿದುಕೊಂಡಳು. "ಮೊದಲ ತೆಗದಿದ್ದು ಎಲ್ಲಿಟ್ಟಾರಪ್ಪ? ಒಂದ್ ಸಲ ತೋರ್ಸ್ರಿ ಅಂತ ಅವ್ರಿಗೆ ಹೇಳು. ಕೈ ಮುಗಿತೀನಿ."

"ಅಳಿಸಿಬಿಟ್ಟಾರಂತಕ್ಕ. ಬ್ಯಾಡಾದ್ದನ್ನ ಇಟ್ಕೊಳ್ಳಂಗಿಲ್ಲ ಅವ್ರು."

ಬಸ್ಸಿನಲ್ಲಿ ಅವಳು ಕಣ್ಣು ಮುಚ್ಚಿ ಗಂಡನ ಮುಖ ನೆನೆಯಲು ನೋಡಿದಳು. ನಾಯಕನ ಮುಖವೇ ಅಡ್ಡ ಬಂತು.

ಮರುದಿನ ಗೋದಾಮಿನಲ್ಲಿ ಜೊತೆಗೆ ಕಸ ಗುಡಿಸುವ ತಾಯಕ್ಕ, "ಹೆಂಗ್ ಕಂಡ ನಿನ್ ಗಂಡ?" ಎಂದು ಕೇಳಿದಳು.

"ಭಾಳ ಚಂದ ಕಂಡ."

"ಹಂಗಾರ ನಾನೂ ಐತಾರ ಹೋಗಿ ನೋಡ್ತೀನಿ."

"ಬ್ಯಾಡ, ಹೋಗಬ್ಯಾಡ," ಎಂದಳು ದುರ್ಗಕ್ಕ. "ಟಾಕೀಸಿನಾಗಿಂದ ಆ ಸಿನಿಮಾನ ತೆಗದುಹಾಕಿದ್ರಂತ."